ನೀಲಿ ಬಾನಿ ಮತ್ತು ನಮ್ಮ ಅತ್ತೆಯ ಮೂಗು

ನಮ್ಮ ಅತ್ತೆ ಗುರಸಿದ್ದವ್ವನ ನಾಲಿಗೆಯ ತುದಿ ನೀಲಿಯಾಗಿತ್ತು. ಕೈಗಳು ಮೊಳಕೈವರೆಗೆ ನೀಲಿ, ಉಗುರಿನ ಸಂದಿಗಳಂತೂ ಕಪ್ಪೇ ಅನ್ನಬೇಕು. ಅದನ್ನು ಹೇಗೋ ತಡೆದುಕೊಳ್ಳಬಹುದಿತ್ತು. ಆದರೆ ಆಕೆ ನಕ್ಕಾಗ, ಆಕಳಿಸಿದಾಗ, ದೇವರ ಹೆಸರು ಹೇಳಿದಾಗ ಆ ನೀಲಿ ನಾಲಿಗೆ ಹಲ್ಲುಗಳ ನಡುವಿನಿಂದ ಇಣುಕುತ್ತಿತ್ತು. ಮದುವೆಯಾಗಿ ಇಳಕಲ್ಲಿಗೆ ಬಂದ ದಿನ ಅದನ್ನು ಮೊದಲು ನೋಡಿದೆ. ಆಮೇಲೆ ಏಳು ವರ್ಷ ನೋಡಿದೆ. ಒಂದು ದಿನವೂ ನನ್ನ ಹೊಟ್ಟೆ ತೊಳಸದೆ ಇರಲಿಲ್ಲ.

ಆಕೆ ತೀರಿಕೊಂಡು ಈಗ ಎರಡು ವರ್ಷವಾಯಿತು. ತೀರಿಕೊಂಡವರ ಬಗ್ಗೆ ಬರೆಯುವಾಗ ಕೆಟ್ಟದ್ದನ್ನು ಬಿಟ್ಟು ಬರೆಯುವುದು ರೂಢಿ. ನಾನು ಏಳನೆಯ ಇಯತ್ತೆಯವರೆಗೆ ಓದಿದವಳು. ಹೇಸಿಗೆಯನ್ನು ಹೇಸಿಗೆ ಎಂದು ಬರೆಯಲು ಬರುತ್ತದೆ, ಅದಕ್ಕೆ ಬೇರೆ ಚೆಂದದ ಮಾತು ನನಗೆ ಗೊತ್ತಿಲ್ಲ. ಅದನ್ನು ಬಿಟ್ಟು ಬರೆದರೆ ಅತ್ತೆಯೂ ಉಳಿಯುವುದಿಲ್ಲ, ನಾನೂ ಉಳಿಯುವುದಿಲ್ಲ.

ನನ್ನ ತವರು ಅಮೀನಗಡ. ನಮ್ಮಪ್ಪ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಕರದಂಟಿನ ಅಂಗಡಿಯಲ್ಲಿ ಒಲೆಯ ಮುಂದೆ ಕೆಲಸ ಮಾಡುತ್ತಿದ್ದ. ಅಂಗಡಿಯ ಹಿಂದೆಯೇ ನಮ್ಮ ಮನೆ. ಅಂಟನ್ನು ತುಪ್ಪದಲ್ಲಿ ಕರಿಯುವ ವಾಸನೆ, ಬೆಲ್ಲ ಪಾಕಕ್ಕೆ ಬರುವ ವಾಸನೆ, ಒಣಕೊಬ್ಬರಿ ಹೆರೆಯುವ ವಾಸನೆ, ಇವುಗಳ ನಡುವೆ ನಾನು ಬೆಳೆದೆ. ಪಾಕ ಹದಕ್ಕೆ ಬಂತೋ ಇಲ್ಲವೋ ಅಂತ ಒಳಮನೆಯಲ್ಲಿ ಕೂತೇ ಹೇಳುತ್ತಿದ್ದೆ. "ನನ್ನ ಮಗಳ ಮೂಗು ಗಡಿಯಾರ ಇದ್ದಂಗ ಐತಿ" ಅಂತ ಅಪ್ಪ ಗಿರಾಕಿಗಳ ಮುಂದೆ ಹೇಳಿಕೊಳ್ಳುತ್ತಿದ್ದ. ಅಂಥ ಮೂಗನ್ನು ತಂದು ಮನೆಯವರು ನೀಲಗಾರರ ಮನೆಗೆ ಕೊಟ್ಟರು.

ನೀಲಗಾರರೆಂದರೆ ನೂಲಿಗೆ ನೀಲಿ ಹಾಕುವವರು. ಇಳಕಲ್ಲಿನ ಚಂದ್ರಕಾಳಿ ಸೀರೆಯ ಒಡಲಿನ ಕಪ್ಪು ನಿಜಕ್ಕೂ ಕಪ್ಪಲ್ಲ, ಮೇಲಿಂದ ಮೇಲೆ ಅದ್ದಿದ ನೀಲಿ. ಎಪ್ಪತ್ತರ ದಶಕದ ನಡುವಿನ ಆ ಹೊತ್ತಿಗೆ ಊರಿನ ಬಹಳ ಮನೆಗಳಲ್ಲಿ ಸೋಲಾಪುರದಿಂದ ಬರುವ ಪುಡಿಯ ಬಣ್ಣ ಬಂದಾಗಿತ್ತು. ನಮ್ಮ ಅತ್ತೆ ಮಾತ್ರ ಹಳೆಯ ಪದ್ಧತಿಯ ಮೂರು ಬಾನಿಗಳನ್ನು ಇಟ್ಟುಕೊಂಡಿದ್ದಳು. ಹಿತ್ತಲ ಛಪ್ಪರದ ಕೆಳಗೆ, ಕುತ್ತಿಗೆಯವರೆಗೆ ನೆಲದಲ್ಲಿ ಹುಗಿದ ಮಣ್ಣಿನ ಬಾನಿಗಳು. ಅದರೊಳಗೆ ನೀಲಿಯ ಗಟ್ಟಿ, ಸುಣ್ಣ, ಬೂದಿಯ ತಿಳಿನೀರು, ಕುದಿಸಿದ ತಗಚಿ ಬೀಜ, ಬೆಲ್ಲ. ಅದೆಲ್ಲ ಕೂಡಿ ಹುಳಿಯುತ್ತ ಇರಬೇಕು, ಆದರೆ ಕೊಳೆಯಬಾರದು. ಆಕೆಯ ಅತ್ತೆ ಗುಳೇದಗುಡ್ಡದಿಂದ ಮದುವೆಯಾಗಿ ಬರುವಾಗ ಚಕ್ಕಡಿಯಲ್ಲಿ ಒಂದು ಗಡಿಗೆ ಹಳೇ ಬಾನಿಯ ಗಸಿ ತಂದಿದ್ದಳಂತೆ. ಆ ಗಸಿಯೇ ಅಂದಿನವರೆಗೆ ಉಳಿದು ಬಂದದ್ದು. "ಮನ್ಯಾಗಿನ ಮಂದಿ ಸತ್ತಾರ, ಹುಟ್ಟ್ಯಾರ. ಬಾನಿ ಸತ್ತಿಲ್ಲ" ಅನ್ನುತ್ತಿದ್ದಳು ಅತ್ತೆ.

ಆ ವಾಸನೆ ಹೇಗಿತ್ತೆಂದು ಆಮೇಲೆ ಹೇಳುತ್ತೇನೆ. ಅದಕ್ಕೊಂದು ಹೊತ್ತು ಬರುತ್ತದೆ.

ಮದುವೆಯಾದ ಮೂರನೆಯ ದಿನ ಬೆಳಿಗ್ಗೆ ಹಿತ್ತಲಿಗೆ ಹೋದೆ. ಅತ್ತೆ ದೊಡ್ಡ ಬಾನಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಮುಚ್ಚಿದ್ದ ಗೋಣಿ ತೆಗೆದು ಮೊದಲು ಸುಮ್ಮನೆ ನೋಡಿದಳು. ಮೇಲೆ ತಾಮ್ರದ ಬಣ್ಣದ ಕೆನೆ, ನಡುವೆ ಗುಡ್ಡೆಯಾಗಿ ನೀಲಿ ನೊರೆ. ಆಮೇಲೆ ಮುಖ ಬಗ್ಗಿಸಿ ಮೂಸಿದಳು. ಕೋಲಿನಿಂದ ಒಂದು ಸುತ್ತು ತಿರುವಿ, ಬಾಗಿ ಕಿವಿಗೊಟ್ಟು ನೊರೆ ಒಡೆಯುವ ಸಪ್ಪಳ ಕೇಳಿದಳು. ಎರಡು ಬೆರಳು ಅದ್ದಿ ಹೆಬ್ಬೆರಳಿಗೆ ತಿಕ್ಕಿ ಜಾರು ನೋಡಿದಳು. ಕೊನೆಗೆ ಆ ಬೆರಳುಗಳನ್ನು ಬಾಯಿಗಿಟ್ಟು ಚೀಪಿದಳು. ಕಣ್ಣು ಮುಚ್ಚಿಕೊಂಡು ತುಸು ಹೊತ್ತು ಕೂತು ಪಕ್ಕಕ್ಕೆ ಉಗಿದಳು. ಉಗುಳು ಹಳದಿ ಹಸಿರಾಗಿತ್ತು. ನಾನು ನೋಡುತ್ತಿದ್ದಂತೆಯೇ ಅದು ನೆಲದ ಮೇಲೆ ನೀಲಿಯಾಯಿತು.

ಆಮೇಲೆ ಎದ್ದು ಕೈ ತೊಳೆದು, ಅಡಿಗೆಮನೆಗೆ ಬಂದು, ಅದೇ ಕೈಯಿಂದ ಜೋಳದ ಹಿಟ್ಟು ನಾದಲು ಕೂತಳು.

ನಾನು ಬಚ್ಚಲಿಗೆ ಓಡಿದೆ. ವಾಂತಿ ಮಾಡುವ ಸಪ್ಪಳ ಪಕ್ಕದ ಮನೆಯ ಅಂಬವ್ವನಿಗೂ ಕೇಳಿಸಿತು. ಅಂಬವ್ವ ನೇಕಾರರಾಕೆ, ಅವರ ಮಗ್ಗದ ನೂಲಿಗೆ ನಮ್ಮಲ್ಲಿಯೇ ಬಣ್ಣ. ಗೋಡೆಯ ಆಚೆಯಿಂದಲೇ ಕೂಗಿದಳು: "ಗುರಸಿದ್ದವ್ವಾ, ಮೂರು ದಿನದಾಗ ವಾಂತಿ ಏನs? ನಿನ್ನ ಸೊಸಿ ಭಾಳ ಚುರುಕು ಅದಾಳ ಬಿಡು!"

"ಆಕಿ ಬಸರಲ್ಲಬೇ," ಅಂದಳು ಅತ್ತೆ, ರೊಟ್ಟಿ ಬಡಿಯುತ್ತಲೇ. "ಬಾನಿ ಆಕಿನ್ನ ಮಾತಾಡಿಸೇತಿ."

ನಾನು ಬಾಯಿ ತೊಳೆದು ಬಂದ ಮೇಲೆ ಆಕೆ ಸಿಟ್ಟಾಗಲಿಲ್ಲ. ಯಾಕೆ ಹಾಗೆ ಐದು ಸಲ ನೋಡಬೇಕು ಅಂತ ಹೇಳಿದಳು. ಆ ಮಾತು ಆಕೆಯ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. "ಒಬ್ಬನ ಮಾತು ಕೇಳಿ ತೀರ್ಪು ಕೊಟ್ರ ಪಂಚಾಯ್ತಿ ಕೆಡತೈತಿ. ಕಣ್ಣು, ಮೂಗು, ಕಿವಿ, ಕೈ, ನಾಲಿಗಿ. ಐದೂ ಮಂದಿನ್ನ ಕರದು ಕೂಡಸಬೇಕು. ಮೂಗು ಅವರಾಗ ಹಿರಿಯಾಂವ. ಐದೂ ಮಂದಿ ಹೂಂ ಅಂದ್ರ ನೂಲು ಅದ್ದಬೇಕು. ಒಬ್ಬಾಂವ ತಲಿ ಅಲ್ಲಾಡಿಸಿದ್ರೂ ಬಾನಿ ಮುಚ್ಚಿ ಎದ್ದು ಹೋಗಬೇಕು."

"ಐದೂ ಮಂದಿ ಜಗಳ ಆಡಿದ್ರ?" ಅಂತ ಕೇಳಿದೆ.

"ಒಳಗ ಒಬ್ಬಾಕಿ ಕುಂತಿರತಾಳ, ಎಲ್ಲಾರದೂ ಕೇಳಿ ಒಂದು ಮಾತು ಮಾಡತಾಳ. ಆಕಿ ಯಾರು ಅಂತ ನನಗೂ ಗೊತ್ತಿಲ್ಲ."

ಒಂದು ತಿಂಗಳು ತುಂಬುವುದರೊಳಗೆ ಅಡಿಗೆಯನ್ನು ನಾನು ಹಿಡಿದುಕೊಂಡೆ. "ರೊಟ್ಟಿ ನಾ ಬಡೀತೇನಿ, ನೀವು ಕುಂಡ್ರರಿ" ಅಂದೆ. ಓಣಿಯಲ್ಲಿ ಒಳ್ಳೆಯ ಸೊಸೆ ಅಂತ ಹೆಸರಾಯಿತು. ನನ್ನ ಗಂಡ ಈರಪ್ಪ ಹುನಗುಂದದ ಒಂದು ಶಾಲೆಯಲ್ಲಿ ಜವಾನ. ದಿನಾ ಬಸ್ಸಿಗೆ ಹೋಗಿ ಬರುವವನು. ಹುಡುಗರು ಅಂಗಿಯ ವಾಸನೆ ಹಿಡಿದು ಆಡಿಕೊಳ್ಳುತ್ತಾರೆಂದು ಛಪ್ಪರದ ಕಡೆ ಹಾಯುತ್ತಲೇ ಇರಲಿಲ್ಲ. ಅವನೂ ತಾಯಿಗೆ ನೆರಳು ಸಿಕ್ಕಿತೆಂದು ಹಿಗ್ಗಿದ. ಅದು ಪ್ರೀತಿಯಲ್ಲ, ಹೇಸಿಗೆ ಅನ್ನುವುದು ನನಗೊಬ್ಬಳಿಗೇ ಗೊತ್ತಿತ್ತು. ಪಲ್ಯ ಬಡಿಸಲು ಬಂದರೆ ತಾಟು ಹಿಂದೆ ಸರಿಸುತ್ತಿದ್ದೆ. ಆಕೆ ಮುಟ್ಟಿದ ಮಜ್ಜಿಗೆ ನನಗೆ ನೀಲಿಯಾಗಿ ಕಾಣುತ್ತಿತ್ತು. ನೀಲಿಯಾಗಿರಲಿಲ್ಲ, ಬೆಳ್ಳಗೇ ಇತ್ತು, ಆದರೂ ಕಾಣುತ್ತಿತ್ತು. ಆಕೆ ಲಿಂಗಪೂಜೆಗೆ ಕೂತಾಗ ಮಾತ್ರ, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ವಿಭೂತಿ ಬಳಿದ ಆ ನೀಲಿ ಕೈಯನ್ನು ನಾನು ಹೇಸದೆ ನೋಡುತ್ತಿದ್ದೆ. ಯಾಕೆಂದರೆ ಆಗ ನನ್ನ ಕಣ್ಣು ಲಿಂಗದ ಮೇಲಿರುತ್ತಿತ್ತು.

ಮರುವರ್ಷ ಬೇಸಿಗೆಯಲ್ಲಿ ಊರಿಗೆಲ್ಲ ಕಣ್ಣುಬೇನೆ ಬಂತು. ನನಗೆ ಎರಡೂ ಕಣ್ಣು ಬಾತು ಅಂಟಿಕೊಂಡವು. ಎಂಟು ದಿನ ಏನೂ ಕಾಣಿಸಲಿಲ್ಲ. ಹೊತ್ತುಹೊತ್ತಿಗೆ ಅಂಬವ್ವ ಬಂದು ಮುಂದೆ ಕೂತು ಮಾತಾಡುತ್ತಿದ್ದಳು. ಮಗ್ಗದ ಸುದ್ದಿ, ಬಾದಾಮಿಗೆ ಕೊಟ್ಟ ಹಿರಿಮಗಳ ಜಗಳ, ಯಾರದೋ ಎಮ್ಮೆಯ ಸುದ್ದಿ. ಮಾತಿನ ನಡುವೆ ಒಂದು ಕೈ ಬಾಯಿಗೆ ತುತ್ತು ಇಡುತ್ತಿತ್ತು. ಸಣ್ಣ ತುತ್ತು. ಬಿಸಿ ರೊಟ್ಟಿ ಹಾಲಿನಲ್ಲಿ ಹಿಚುಕಿ ತುಸು ಬೆಲ್ಲ ಬೆರೆಸಿದ್ದು, ಒಂದೊಂದು ದಿನ ಹೆಸರುಬೇಳೆಯ ಅನ್ನ. ಅಷ್ಟು ರುಚಿಯಾದದ್ದನ್ನು ನಾನು ತವರಿನಲ್ಲೂ ಉಂಡಿರಲಿಲ್ಲ. "ಅಂಬವ್ವಾ, ನಿಮ್ಮ ಕೈಯಾಗ ಅಮೃತ ಐತ್ರಿ" ಅಂತ ಹೇಳಿದ್ದೆ. ಅಂಬವ್ವ ಕಿಸಕ್ಕನೆ ನಕ್ಕು, "ಹೂನವಾ, ನಮ್ಮ ಅತ್ತಿನೂ ಹಂಗ ಅಂತಿದ್ಲು" ಅಂದಿದ್ದಳು.

ಎಂಟನೆಯ ದಿನ ಬಾವು ಇಳಿದಿತ್ತು. ಬಾಯಲ್ಲಿ ಅರ್ಧ ಅಗಿದ ತುತ್ತು ಇರುವಾಗಲೇ ಎಡಗಣ್ಣಿನ ರೆಪ್ಪೆ ಬಿಚ್ಚಿಕೊಂಡಿತು. ಎದುರಿಗೆ ಅಂಬವ್ವ ಕೈ ಕಟ್ಟಿ ಕೂತಿದ್ದಳು. ಪಕ್ಕದಿಂದ ಇನ್ನೊಂದು ತುತ್ತು ನನ್ನ ಬಾಯಿಯ ಕಡೆ ಬರುತ್ತಿತ್ತು. ಬೆರಳುಗಳು ನೀಲಿಯಾಗಿದ್ದವು.

ಅದೇ ತುತ್ತು, ಅದೇ ಹಾಲು, ಅದೇ ಬೆಲ್ಲ. ನನ್ನ ಬಾಯಲ್ಲಿ ಅದು ಒಮ್ಮೆಲೇ ಬಾನಿಯ ನೀರಾಯಿತು. ಸುಣ್ಣ, ಮೂತ್ರ, ಕೊಳೆತ ಎಲೆ. ಹಾಸಿಗೆಯ ಮೇಲೆಯೇ ಉಗಿದುಬಿಟ್ಟೆ. ಅಂಬವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಎಂಟು ದಿನ ಅಮೃತ ಅಂತ ನೆಕ್ಕಿದೆಲ್ಲವಾ, ಈಗೇನಾತು?"

ಅತ್ತೆ ನಗಲಿಲ್ಲ. ಉಗಿದದ್ದನ್ನು ಅಂಗೈಯಿಂದ ಬಳಿದು ತೆಗೆದಳು. "ದನಿ ಅಂಬವ್ವಂದು ಕೇಳ್ತು, ಕೈನೂ ಆಕೀದ ಅಂತ ತಿಳಕೊಂಡಿ. ಈಗ ಕಣ್ಣು ಬಂದು ಬ್ಯಾರೆ ಸಾಕ್ಷಿ ಹೇಳ್ತು, ನಾಲಿಗಿ ಹೆದರಿ ಮಾತು ತಿರುಗಿಸ್ತು. ತುತ್ತು ಅದs ಐತಿ ನೋಡವಾ. ತುತ್ತಿನ ತಪ್ಪಲ್ಲ." ಹಾಗಂದು ತಾಟು ತೆಗೆದುಕೊಂಡು ಹೊರಟುಹೋದಳು. ಆಮೇಲೆ ಎಂದೂ ನನಗೆ ಉಣ್ಣಿಸಲು ಬರಲಿಲ್ಲ. ಬಂದಿದ್ದರೆ ನಾನು ಉಣ್ಣುತ್ತಲೂ ಇರಲಿಲ್ಲ.

ಹೀಗೆ ವರ್ಷಗಳು ಹೋದವು. ಎಂಬತ್ತರ ಚಳಿಗಾಲದಲ್ಲಿ ಅತ್ತೆಗೆ ಜೋರು ನೆಗಡಿ ಜ್ವರ ಬಂತು. ಹದಿನೈದು ದಿನ ಮಲಗಿದ್ದು ಎದ್ದಳು. ಎದ್ದ ಮೇಲೆ ಒಂದು ಮಧ್ಯಾಹ್ನ ಹಿತ್ತಲಿನಿಂದ ಬಂದವಳು ತಾನೇ ಗಡಿಗೆಯ ಮುಚ್ಚಳ ತೆಗೆದು, ರೊಟ್ಟಿಯ ಮೇಲೆ ಬೇಳೆಯ ಪಲ್ಯ ಹಾಕಿಕೊಂಡು ಉಣ್ಣುತ್ತ ಕೂತಳು. ಅದು ಎರಡು ದಿನದ ಹಿಂದಿನದು, ಹಳಸಿತ್ತು. ತಿಪ್ಪೆಗೆ ಚೆಲ್ಲಬೇಕೆಂದು ನಾನು ಒಂದು ಕಡೆ ಇಟ್ಟಿದ್ದೆ. ತುತ್ತು ಎತ್ತಿದಾಗ ಎಳೆ ಎಳೆಯಾಗಿ ನೂಲು ಬರುತ್ತಿತ್ತು. ನನಗೆ ದೂರದಿಂದಲೇ ವಾಕರಿಕೆ ಬಂತು. ಆಕೆ ಅಗಿದು, ನುಂಗಿ, "ಉಪ್ಪು ತುಸು ಕಡಿಮಿ ಆಗೇತೇನು?" ಅಂದಳು.

ಮೊದಲು ಹೇಸಿಗೆಯಾಯಿತು. ಆಮೇಲೆ ಹೆದರಿಕೆಯಾಯಿತು. ತಾಟು ಕಸಿದುಕೊಂಡೆ.

ನೆಗಡಿ ಬಿಡಲಿಲ್ಲವೆಂದು ಗಂಡನಿಗೆ ನೆಪ ಹೇಳಿ ಆಕೆಯನ್ನು ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋದೆ. ವಯಸ್ಸಾದ ಡಾಕ್ಟರು. ಕಣ್ಣು ಮುಚ್ಚಿಸಿ ಮೂಗಿನ ಹತ್ತಿರ ಕರ್ಪೂರ ಹಿಡಿದರು, ಚಹಾಪುಡಿ ಹಿಡಿದರು, ಇಂಗು ಹಿಡಿದರು. ಮೂರಕ್ಕೂ ಅತ್ತೆ, "ಗಾಳಿ" ಅಂದಳು. ಡಾಕ್ಟರು ಕುರ್ಚಿಗೆ ಒರಗಿ ನನ್ನ ಕಡೆ ತಿರುಗಿದರು. "ವಾಸನಿ ತಿಳಿಯೋ ನರ ಸತ್ತಾವ. ತಿರುಗಿ ಬರೂದು ಕಷ್ಟ. ಊಟಾನೂ ಸಪ್ಪಗ ಆಗತೈತಿ ನೋಡವ್ವಾ. ರುಚಿ ಬರೇ ನಾಲಿಗಿ ಮ್ಯಾಲ ಇರೂದಿಲ್ಲ. ನಾಲಿಗಿ ಉಪ್ಪು, ಹುಳಿ, ಸಿಹಿ, ಕಹಿ ಅಂತ ಹೇಳತೈತಿ, ಉಳಿದದ್ದೆಲ್ಲಾ ಮೂಗು ಹೇಳೂದು. ಕಣ್ಣು, ಕಿವಿ ಸುದ್ದಾ ತಮ್ಮದೊಂದು ಮಾತು ಸೇರಸತಾವ. ಮಿದುಳು ಎಲ್ಲಾ ಕೂಡಿಸಿ, ಇದು ರುಚಿ ಅಂತ ಒಂದು ಮಾಡಿ ಕೊಡತೈತಿ. ಒಂದು ಕಡಿಮಿ ಬಿದ್ರ ಪೂರಾ ಅಡಿಗಿನ ಕೆಡತೈತಿ."

ಅತ್ತೆ ನನ್ನ ಮುಖ ನೋಡಿದಳು. "ಒಳಗ ಒಬ್ಬಾಕಿ ಕುಂತಿರತಾಳ ಅಂದಿದ್ನಿಲ್ಲೋ, ಆಕಿ ಹೆಸರು ಮಿದುಳು ಅಂತ ನೋಡು."

ತಿರುಗಿ ಬರುವಾಗ ಬಸ್ಸಿನಲ್ಲಿ ಅತ್ತೆ ನನ್ನ ಕೈ ಹಿಡಿದುಕೊಂಡಳು. ನೀಲಿ ಕೈ ನನ್ನ ಕೈಯ ಮೇಲೆ ಬಂದಾಗ ಮೈ ಜುಮ್ಮೆಂದಿತು, ತೆಗೆಯಲಿಲ್ಲ.

"ಈರಪ್ಪಗ ಹೇಳಬ್ಯಾಡ. ಹೇಳಿದಿ ಅಂದ್ರ ನಾಳೆನ ಬಾನಿ ಮುಚ್ಚಿಸಿ ಪುಡಿ ತರತಾನ. ಅಂವಗ ನೆವ ಬೇಕಾಗೇತಿ."

"ಮತ್ತ ಹೆಂಗ ಮಾಡತೀರಿ?"

"ನಾಕು ಮಂದಿ ಅದಾರಿನ್ನ. ನಾಲಿಗಿಗೆ ಸುಣ್ಣದ ಕಡಿತ ಅಷ್ಟರ ತಿಳಿತೈತಿ. ಹಿರಿಯಾಂವ ಒಬ್ಬಾಂವ ಹ್ವಾದ. ಆ ಜಾಗಾದಾಗ ನೀ ಕುಂಡ್ರು. ಅಮೀನಗಡದ ಮೂಗು ನಿಂದು, ಮುಂಜಾನಿ ಒಂದ್ಸಲ ಮೂಸಿ ಹೇಳು, ಸಾಕು. ಅಷ್ಟು ಮಾಡತೀಯೇನು?"

ಬಸ್ಸು ಅಮೀನಗಡದಲ್ಲಿ ನಿಂತಿತ್ತು. ಕಿಟಕಿಯಿಂದ ಕರಿದ ಅಂಟಿನ ವಾಸನೆ ಬಂತು. ಎಲ್ಲ ಪ್ರಯಾಣಿಕರೂ ಆ ಕಡೆ ಮುಖ ತಿರುಗಿಸಿದರು, ಅತ್ತೆಯೊಬ್ಬಳು ನನ್ನನ್ನೇ ನೋಡುತ್ತಿದ್ದಳು. "ಮಾಡತೇನ್ರಿ" ಅಂದೆ.

ಮಾಡಲಿಲ್ಲ. ಮೊದಲ ದಿನ ಛಪ್ಪರದ ಬಾಗಿಲವರೆಗೆ ಹೋದೆ. ಬಾನಿಯ ಮೇಲೆ ಬಗ್ಗಬೇಕು ಅನ್ನುವಷ್ಟರಲ್ಲಿ ಕರುಳು ಕಿತ್ತು ಬಂದ ಹಾಗಾಯಿತು. ಸೆರಗನ್ನು ಮೂಗಿಗೆ ಒತ್ತಿಕೊಂಡು ಬಾಗಿಲಲ್ಲಿ ನಿಂತೇ, "ಚಲೋ ಐತ್ರಿ" ಅಂದೆ. ಅತ್ತೆ ಬೆನ್ನು ಮಾಡಿ ಕೂತಿದ್ದಳು. "ಹೂಂ" ಅಂದಳು. ಅಂದು ನೂಲು ಚೆನ್ನಾಗಿಯೇ ಬಂತು. ಎರಡನೆಯ ದಿನವೂ ಹಾಗೆಯೇ. ಹೀಗೆ ಮೂರು ತಿಂಗಳು ನಡೆಯಿತು. ಉಳಿದ ನಾಲ್ವರೇ ಬಾನಿಯನ್ನು ನಡೆಸುತ್ತಿದ್ದರು, ನಾನು ಬಾಗಿಲಲ್ಲಿ ನಿಂತು ಹೆಸರಿಗೆ ಮೂಗಾಗಿದ್ದೆ. ಅದರಲ್ಲಿ ಏನು ತಪ್ಪು ಅಂತಲೂ ನನಗೆ ಅನ್ನಿಸಲಿಲ್ಲ. ನಾರುವುದು ಹೇಗಿದ್ದರೂ ನಾರುತ್ತದೆ, ಅದರಲ್ಲಿ ಮೂಸಿ ಹೇಳುವುದೇನಿದೆ? ಹೇಸುವವರಿಗೆ ಎಲ್ಲ ನಾತವೂ ಒಂದೇ ನಾತ.

ಚೈತ್ರದ ಬಿಸಿಲು ಏರಿತು. ಅಂಬವ್ವನ ಕಿರಿಮಗಳ ಮದುವೆ ಗೊತ್ತಾಗಿತ್ತು. ಅವಳಿಗೆ ಉಡಿಸುವ ಚಂದ್ರಕಾಳಿಯನ್ನು ತಾಯಿಯೇ ನೇಯಬೇಕೆಂದು ಅಂಬವ್ವ ವರ್ಷದಿಂದ ಆರಿಸಿ ಇಟ್ಟ ನೂಲನ್ನು ತಂದು ಕೊಟ್ಟಳು. ಅದ್ದುವ ದಿನ ತಾನೂ ಬಂದು ಛಪ್ಪರದಲ್ಲಿ ಕೂತಳು. ಆ ಬೆಳಿಗ್ಗೆ ನಾತ ಅಡಿಗೆಮನೆಯವರೆಗೂ ಬಂದಿತ್ತು. ಬಿಸಿಲಿಗೆ ಅಂದುಕೊಂಡೆ. ಬಾಗಿಲಿಗೆ ಹೋಗಿ ಸೆರಗು ಒತ್ತಿಕೊಂಡು ನಿಂತೆ.

ಅತ್ತೆ ಕೋಲು ತಿರುವಿ ಕಿವಿಗೊಟ್ಟಳು. ಬೆರಳು ತಿಕ್ಕಿ ನೋಡಿ ಮತ್ತೊಮ್ಮೆ ತಿಕ್ಕಿದಳು. "ಕೈಗೆ ಯಾಕೋ ಸರಿ ಬರವಲ್ದು" ಅಂದಳು ತನ್ನಷ್ಟಕ್ಕೆ. ತಿರುಗಿ ನನ್ನ ಕಡೆ ನೋಡಿದಳು. "ಏನಂತೀ ಕಮಲಾ?"

"ದಿನದಂಗ ಐತ್ರಿ."

"ಖರೇನ?"

"ಖರೇನ್ರಿ."

ಅತ್ತೆಯ ಕೈ ಬಾನಿಯ ಮೇಲೆ ತುಸು ಹೊತ್ತು ನಿಂತಿತು. "ಯಾಕs, ಏನಾರ ಹೆಚ್ಚುಕಡಿಮಿ ಐತೇನು?" ಅಂತ ಅಂಬವ್ವ ಕೇಳಿದಳು. "ಏನಿಲ್ಲ" ಅಂದು ಅತ್ತೆ ನೂಲಿನ ಲಡಿಯನ್ನು ಒಳಗೆ ಇಳಿಬಿಟ್ಟಳು.

ಚಲೋ ಬಾನಿಯಿಂದ ನೂಲು ಹಸಿರಾಗಿ ಮೇಲೆ ಬರುತ್ತದೆ, ಗಾಳಿ ತಾಗಿದಂತೆ ನೀಲಿಯಾಗುತ್ತದೆ. ಅಂದು ಬಂದದ್ದು ಪಾತ್ರೆ ತೊಳೆದ ನೀರಿನ ಬಣ್ಣ. ಗಾಳಿಗೆ ಹಿಡಿದರೂ ಏಳಲಿಲ್ಲ. ಎರಡನೆಯ ಸಲ ಅದ್ದಿದಳು, ಮೂರನೆಯ ಸಲ ಅದ್ದಿದಳು. ನೂಲು ಲೋಳೆ ಹಿಡಿದು ಬೂದಿಬಣ್ಣಕ್ಕೆ ತಿರುಗಿತು. ಅಂಬವ್ವ ಮೂಗು ಮುಚ್ಚಿಕೊಂಡು ಎದ್ದು ನಿಂತಳು. "ಇದು ಕೊಳತೇತಿ ಗುರಸಿದ್ದವ್ವಾ! ಸತ್ತ ಹೆಗ್ಗಣ ನಾರಿದಂಗ ನಾರತೈತಿ. ನೂಲು ಹೋತು, ಹೋಗ್ಲಿ. ನಿನ್ನ ಮೂಗಿಗೇನಾಗೇತಿ?"

ಅತ್ತೆ ನನ್ನ ಕಡೆ ನೋಡಲಿಲ್ಲ. "ವಯಸ್ಸಾತವಾ," ಅಂದಳು. "ತಪ್ಪಾತು."

ಅಂದು ಮುಂಜಾನೆಯೇ ಆಕೆ, ಹುಳಿ ಏರಲೆಂದು, ಆ ಬಾನಿಯ ಗಸಿಯನ್ನು ಉಳಿದ ಎರಡಕ್ಕೂ ಹಾಕಿದ್ದಳು. ಸುಣ್ಣ ಹಾಕಿ, ಬೂದಿನೀರು ಹಾಕಿ, ನಾಲ್ಕು ದಿನ ಒದ್ದಾಡಿದಳು. ಐದನೆಯ ದಿನ ಮೂರೂ ಬಾನಿಗಳ ಅಂಚಿನಲ್ಲಿ ಬಿಳಿ ಹುಳ ಹರಿದಾಡಿದವು. ಗುಳೇದಗುಡ್ಡದಿಂದ ಚಕ್ಕಡಿಯಲ್ಲಿ ಬಂದದ್ದು ನಮ್ಮ ಹಿತ್ತಲಲ್ಲಿ ಸತ್ತಿತು. ನನ್ನ ಗಂಡ ನೀರನ್ನೆಲ್ಲ ಹೊರಗೆ ಹೊಯ್ಯಿಸಿ, ತಿಂಗಳೊಳಗೆ ಪುಡಿಯ ಬಣ್ಣ ತಂದ. ಅತ್ತೆ ಅದನ್ನು ಮುಟ್ಟಲಿಲ್ಲ. "ಅದಕ್ಕ ಐದು ಮಂದಿ ಬೇಕಿಲ್ಲ. ಡಬ್ಬಿ ಮ್ಯಾಲಿನ ಚೀಟಿ ಓದಾಕ ಬಂದ್ರ ಸಾಕು" ಅಂದಳು. ಅದನ್ನು ಓದಿ ಬಣ್ಣ ಹಾಕಿದವಳು ನಾನು.

ನಾನು ಏನು ಮಾಡಿದೆ ಅನ್ನುವುದನ್ನು ಯಾರಿಗೂ ಹೇಳಲಿಲ್ಲ. ಅಂಬವ್ವ ಬೇರೆ ಕಡೆ ನೂಲು ಅದ್ದಿಸಿಕೊಂಡಳು, ಮಗಳ ಮದುವೆಯಾಯಿತು, ನಾವೆಲ್ಲ ಹೋಗಿ ಉಂಡು ಬಂದೆವು.

ಅತ್ತೆಯ ಕೈ ಬೆಳ್ಳಗಾಗತೊಡಗಿತು. ಮೊದಲು ಮೊಳಕೈ, ಆಮೇಲೆ ಅಂಗೈ. ನಾಲಿಗೆ ಕೆಂಪಗಾಯಿತು. ಉಗುರಿನಲ್ಲಿದ್ದ ನೀಲಿ ಬೆಳೆಯುತ್ತ ತುದಿಗೆ ಹೋಯಿತು, ಒಂದು ದಿನ ಆಕೆ ಕೊನೆಯ ನೀಲಿ ಚೂರನ್ನು ಕತ್ತರಿಸಿ ಅಂಗೈಯಲ್ಲಿಟ್ಟುಕೊಂಡು ನೋಡುತ್ತ ಕೂತಿದ್ದಳು. ಬರೆಯಲು ನಾಚಿಕೆಯಾಗುತ್ತದೆ, ನನಗೆ ಒಳಗೊಳಗೆ ಹಿತವಾಗಿತ್ತು. ಮನೆ ಮನೆಯ ಹಾಗಾಗಿತ್ತು.

ಆಕೆ ಊಟ ಬಿಟ್ಟು ಬಿಟ್ಟು ಸೊರಗಿದಳು. "ಬಾಯಾಗ ಅರಿವಿ ಅಗದಂಗ ಆಗತೈತಿ" ಅನ್ನುತ್ತಿದ್ದಳು. ಒಂದು ದಿನ ನಾನು ಮುಂದೆ ಕೂತು ಗುರೆಳ್ಳು ಚಟ್ನಿ ಕಲಸಿಕೊಂಡು, ಈ ಸಲ ಎಳ್ಳು ತುಸು ಹೆಚ್ಚು ಹುರಿದೆ, ಸುಟ್ಟ ಸಿಪ್ಪೆಯ ಕಹಿ ಬಂದು ಹಿಂದಿನಿಂದ ಬೆಳ್ಳುಳ್ಳಿ ಬರುತ್ತದೆ ಅಂತ ಸುಮ್ಮನೆ ಹೇಳಿದೆ. ಅತ್ತೆ ಅಗಿಯುವುದನ್ನು ನಿಲ್ಲಿಸಿದಳು. "ಇನ್ನೊಮ್ಮೆ ಹೇಳು" ಅಂದಳು. ಹೇಳಿದೆ. ಕಣ್ಣು ಮುಚ್ಚಿ ಮತ್ತೆ ಅಗಿದಳು. "ತುಸು ಬಂದಂಗಾತು," ಅಂದಳು. "ಕಿವಿಲಿಂದ ಬಂತು."

ಅಂದಿನಿಂದ ಅದೇ ರೂಢಿಯಾಯಿತು. ನಾನು ಮೊದಲು ಒಂದು ತುತ್ತು ಬಾಯಿಗಿಡಬೇಕು, ಹೇಗಿದೆ ಅಂತ ಹೇಳಬೇಕು, ಆಮೇಲೆ ಆಕೆ. "ನೀ ಹೇಳು, ನಾ ಉಣ್ತೇನಿ." ಚಲೋ ಐತ್ರಿ ಅಂದರೆ ತುತ್ತು ಕೆಳಗಿಡುತ್ತಿದ್ದಳು. "ಚಲೋ ಐತಿ ಅನ್ನೂದು ರುಚಿ ಅಲ್ಲ. ಎಲ್ಲಿ ಹುಳಿ ಐತಿ, ಯಾವಾಗ ಖಾರ ಬರತೈತಿ, ನುಂಗಿದ ಮ್ಯಾಲೆ ಏನುಳಿತೈತಿ, ಅದನ್ನ ಹೇಳು." ತವರಿನಿಂದ ಕರದಂಟು ಬಂದರೆ ಅರ್ಧ ತಾಸು ಹೇಳಿಸಿಕೊಳ್ಳುತ್ತಿದ್ದಳು. ಆಕೆಯ ಎಂಜಲು ತಾಟಿನಿಂದಲೇ ನಾನು ತುತ್ತು ಎತ್ತುತ್ತಿದ್ದೆ. ಹೇಸಿಗೆಯಾಗುತ್ತಿತ್ತು. ಹಲ್ಲು ಉದುರಿದ ಬಾಯಿ ಅಗಿಯುವುದು, ಕಟವಾಯಿಯಿಂದ ಇಳಿಯುವುದು. ಮುಖ ತಿರುಗಿಸದೆ ಹೇಳುತ್ತಿದ್ದೆ.

ಎಂಬತ್ತೈದರ ಶ್ರಾವಣದಲ್ಲಿ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಗಂಜಿ ಕುಡಿಸಲು ಹೋದೆ. ಬೇಡ ಅಂದಳು.

"ಗಂಜಿ ಸಾಕು. ಬಾನಿದು ಹೇಳು."

"ಏನ್ರಿ?"

"ಬಾನಿ ವಾಸನಿ ಹೇಳು. ಚಲೋ ಇದ್ದಾಗಿಂದು. ನನಗ ನೆಪ್ಪಿಗೆ ಬರವಲ್ದು. ಎಷ್ಟು ಜಗ್ಗಿದ್ರೂ ಬರವಲ್ದು."

ಚಟ್ನಿಯ ರುಚಿಯನ್ನು ಎಳೆ ಎಳೆಯಾಗಿ ಬಿಡಿಸಿ ಹೇಳುವ ನನಗೆ ಆ ವಾಸನೆಯ ಬಗ್ಗೆ ನಾರುತ್ತಿತ್ತು ಅನ್ನುವುದರಾಚೆ ಒಂದು ಮಾತಿರಲಿಲ್ಲ. ಅದರ ಹತ್ತಿರ ನಾನು ಮೂಗು ಒಯ್ದಿರಲೇ ಇಲ್ಲ. ಗಂಜಿಯ ಬಟ್ಟಲು ಕೆಳಗಿಟ್ಟೆ.

"ಅತ್ತಿ, ನಾ ಒಂದಿನಾನೂ ಬಗ್ಗಿ ಮೂಸಿಲ್ರಿ. ಆ ದಿನಾನೂ ಮೂಸಿಲ್ಲ. ಬಾಗಲದಾಗ ನಿಂತು ಸುಳ್ಳು ಹೇಳಿದ್ನಿ."

ಹೊರಗೆ ಅಂಬವ್ವನ ಮಗ್ಗದ ಸಪ್ಪಳ ಬರುತ್ತಿತ್ತು. ಅತ್ತೆ ನನ್ನ ಕಡೆ ಮುಖ ತಿರುಗಿಸಿದಳು.

"ಗೊತ್ತೈತಿ," ಅಂದಳು. "ಸೆರಗಿನ ಒಳಗಿಂದ ಬಂದಿತ್ತು ನಿನ್ನ ದನಿ. ಮೂಗು ಮುಚ್ಚಿಕೊಂಡವರ ದನಿ ಮುಚ್ಚಿರತೈತೇನು? ಮೊದಲನೇ ದಿನಾನ ಗೊತ್ತಾತು."

"ಮತ್ತ ಯಾಕ ಅದ್ದಿದಿರಿ?"

"ಕಿವಿ ಹೇಳ್ತು, ಕೈ ಹೇಳ್ತು. ಮುಚ್ಚಿ ಏಳಬೇಕಾಗಿತ್ತು. ಎದ್ದಿದ್ರ ಅಂಬವ್ವ ಯಾಕ ಅಂತಿದ್ಲು. ಗುರಸಿದ್ದವ್ವಗ ವಾಸನಿ ಬರೂದಿಲ್ಲಂತ ಅಂತ ಊರೆಲ್ಲಾ ಆಗ್ತಿತ್ತು." ಉಸಿರು ಎಳೆದುಕೊಂಡಳು. "ನಿನಗ ಹೇಸಿಗಿ ಇತ್ತು, ನನಗ ಸೊಕ್ಕಿತ್ತು. ಇಬ್ಬರೂ ಕೂಡಿ ಕೊಂದಿವಿ."

ನನಗೆ ಅಳು ಬರಲಿಲ್ಲ. ನನ್ನ ಮೇಲೆಯೇ ವಾಕರಿಕೆ ಬಂತು, ಬಚ್ಚಲಿಗೆ ಓಡಿದ ಆ ಮೊದಲ ದಿನದ ಹಾಗೆ. ಆಕೆ ನನ್ನ ಸೆರಗು ಹಿಡಿದು ಎಳೆದಳು.

"ಮೂಸಿಲ್ಲ ಅಂದ್ರ ಬಿಡು. ಹೇಸಿಗಿ ಹೆಂಗ ಬರ್ತಿತ್ತು, ಅದನ್ನರ ಖರೆ ಹೇಳು. ಅದು ನಿನಗ ಗೊತ್ತಿತ್ತಿಲ್ಲೋ."

ಅದು ಗೊತ್ತಿತ್ತು. ಹೇಳಿದೆ. ಬಾಗಿಲಿಗೆ ಬಂದ ಕೂಡಲೇ ಮೊದಲು ಗಂಟಲಿಗೆ ಸುಣ್ಣದ ಘಾಟು ಬಡಿಯುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು ಅಂದೆ. ಅದರ ಹಿಂದೆ ದನದ ಕೊಟ್ಟಿಗೆಯ ಮೂತ್ರ, ನಿನ್ನೆಯದಲ್ಲ, ನಾಲ್ಕು ದಿನದ್ದು. ಅದರ ಕೆಳಗೆ ಕೊಳೆತ ಎಲೆ. ಎಲ್ಲಕ್ಕಿಂತ ಹೇಸಿಗೆ ಆಗುತ್ತಿದ್ದದ್ದು ಕೊನೆಗೆ ಬರುವ ಒಂದು ಸಿಹಿ. ಬೆಲ್ಲ ಹುಳಿತ ಸಿಹಿ, ಕೂಸು ಕಕ್ಕಿದ ಹಾಲಿನ ಹಾಗೆ. ಉಟ್ಟ ಸೀರೆಯಲ್ಲಿ, ಕೂದಲಲ್ಲಿ, ಹಾಸಿಗೆಯಲ್ಲಿ ಅದೇ. ನಿಮ್ಮ ಬೆರಳು ನೋಡಿದರೆ ಸಾಕು, ವಾಸನೆ ಇಲ್ಲದ ಕಡೆಯೂ ಬರುತ್ತಿತ್ತು. ನಿಮ್ಮ ನಾಲಿಗೆ ನೋಡಿದರೆ ನನ್ನ ನಾಲಿಗೆಯ ಮೇಲೆ ಸುಣ್ಣ ಇಟ್ಟ ಹಾಗೆ ಆಗುತ್ತಿತ್ತು. ಎಂಟು ದಿನ ಅಮೃತವಾಗಿದ್ದದ್ದನ್ನು ಉಗಿಸಿದ್ದು ಅದೇ. ಏಳು ವರ್ಷದ ಹೇಸಿಗೆಯನ್ನು ಒಂದೂ ಬಿಡದೆ ಹೇಳಿದೆ.

ಅತ್ತೆ ಕಣ್ಣು ಮುಚ್ಚಿದ್ದಳು. ಮೂಗಿನ ಹೊಳ್ಳೆಗಳು ಅರಳಿದವು. ಬೆರಳೆರಡು ಹೆಬ್ಬೆರಳಿಗೆ ತಿಕ್ಕುತ್ತಿದ್ದವು. ನಾಲಿಗೆಯ ತುದಿ ತುಟಿಗೆ ಬಂತು.

"ಹಾಂ," ಅಂದಳು. "ಬಂತು ನೋಡು." ತುಟಿ ಚಪ್ಪರಿಸಿ, "ಸುಣ್ಣ ತುಸು ಜಾಸ್ತಿ ಆಗೇತಿ. ನಾಳೆ ಒಂದು ಹಿಡಿ ತಗಚಿ ಬೀಜ ಕುದಿಸಿ ಹಾಕು" ಅಂದಳು.

"ಹಾಕತೇನ್ರಿ" ಅಂದೆ.

ಮೂರನೆಯ ದಿನ ತೀರಿಕೊಂಡಳು. ನಮ್ಮಲ್ಲಿ ಕೂಡಿಸಿಯೇ ಮಣ್ಣು ಮಾಡುವುದು. ಅಯ್ಯನವರು ಆಕೆಯ ಎಡ ಅಂಗೈ ಬಿಡಿಸಿ ಲಿಂಗ ಇಟ್ಟರು. ಬೆಳ್ಳನೆಯ, ತೊಳೆದ ಹಾಗಿದ್ದ ಅಂಗೈ. ಅದು ಯಾರ ಕೈಯೋ ಅನ್ನಿಸಿತು. ಉಗುರಿನ ಸಂದಿಯಲ್ಲಿ ಹುಡುಕಿದೆ, ಎಲ್ಲಿಯೂ ಇರಲಿಲ್ಲ. ಆ ಚೊಕ್ಕ ಕೈಯನ್ನು ನೋಡಿ ನನಗೆ ಹೇಸಿಗೆಯಾಯಿತು.

ಬಾನಿಗಳು ಇನ್ನೂ ಹಿತ್ತಲಲ್ಲಿ ಹುಗಿದೇ ಇವೆ. ಗಂಡ ಎರಡು ಸಲ ಮುಚ್ಚಿಸಲು ಹೊರಟ, ನಾನು ಬೇಡವೆಂದೆ. ಮೊದಲ ಮಳೆಯ ನೀರು ಬಿದ್ದಾಗ ಹಳೆಯ ಮಣ್ಣಿನ ಒಳಗಿಂದ ಇನ್ನೂ ಸ್ವಲ್ಪ ವಾಸನೆ ಏಳುತ್ತದೆ. ಆಗ ಸೆರಗು ಸೊಂಟಕ್ಕೆ ಸಿಗಿಸಿ ಹೋಗಿ, ಕುಕ್ಕರುಗಾಲಿನಲ್ಲಿ ಕೂತು, ಮುಖ ಬಗ್ಗಿಸಿ ಮೂಸುತ್ತೇನೆ. ಹೊಟ್ಟೆ ತೊಳಸುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಪೂರ್ತಿ ಮೂಸಿದ ಮೇಲೆ ಹೇಳುತ್ತೇನೆ:

"ನಾರತೈತ್ರಿ, ಅತ್ತಿ."